ತನ್ನನ್ನು ತಾನೊಪ್ಪಿಕೊಂಡ ಚಕ್ರವರ್ತಿ

ಶತಮಾನವನ್ನು ಪೂರೈಸಿದ ದೇವಾಲಯವೊಂದರ ಸ್ಮರಣ ಸಂಚಿಕೆಯಲ್ಲಿ ಪುನೀತರ ಚರಿತ್ರೆಗಳೂ ಸೇವೆ ಸಲ್ಲಿಸಿದ ಗುರುಗಳ ನೆನಹುಗಳೂ ಸ್ಥಾನ ಪಡೆಯುವುದು ಸಹಜ. ಅವುಗಳ ನಡುವೆ, ಪ್ರಭು ಯೇಸುವಿನ ಜನನಕ್ಕೆ ಎರಡೂವರೆ ಶತಮಾನಗಳಷ್ಟು ಹಿಂದೆ ಬಾಳಿದ, ಬುದ್ಧನ ಮಾರ್ಗವನ್ನು ಹಿಡಿದ ಅರಸನೊಬ್ಬನ ಜೀವನವನ್ನು ಏಕೆ ಬರೆಯಹೊರಟೆವೆಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರ ನಮ್ಮ ನೆಲದಲ್ಲಿಯೇ ಇದೆ. ಕೊಪ್ಪಳದ ಗವಿಮಠದ ಬೆಟ್ಟದ ಮೇಲೆ ಒಂದು, ಅದಕ್ಕೆ ಸಮೀಪದ ಪಾಲ್ಕಿಗುಂಡಿನ ಮೇಲೆ ಇನ್ನೊಂದು, ಹೀಗೆ ಎರಡು ಬಂಡೆಗಳ ಮೇಲೆ ಮೌರ್ಯ ಚಕ್ರವರ್ತಿ ಅಶೋಕನ ಶಾಸನಗಳಿವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಬಾಳುವ ನಮಗೆ ಅವನು ದೂರದ ಪಾಟಲಿಪುತ್ರದ ಅರಸನಷ್ಟೇ ಆಗಿ ಉಳಿದಿಲ್ಲ. ಅವನು ನಮ್ಮ ಪೂರ್ವಿಕರೊಡನೆ ಮಾತನಾಡಿದ್ದಾನೆ. ಆ ಮಾತು ತನ್ನ ಪರಾಕ್ರಮದ ಬಣ್ಣನೆಯಾಗಿರಲಿಲ್ಲ. ತನ್ನ ಕೊರತೆಯೊಂದನ್ನು ತಾನೇ ಹೇಳಿಕೊಂಡ ಮಾತದು.

ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಪ್ರಕಟಿಸಿದ ಘೋಷಣೆಯು ನಮಗೆ ಕಲಿಸಿದೆ. ಆ ಬೆಳಕಿನಲ್ಲಿ ಈ ಅರಸನ ಬಾಳನ್ನು ನೋಡಲು ಯತ್ನಿಸುತ್ತೇವೆ. ಹಿಂಸೆಯಿಂದ ಗಾಯಗೊಂಡ ಮನಸ್ಸು ಗುಣವಾಗುವುದು ಹೇಗೆ? ಹಿಂಸೆಯನ್ನು ಮಾಡಿದವನ ಮನಸ್ಸಿಗೂ ಗುಣವಾಗುವ ದಾರಿಯುಂಟೆ? ನಮ್ಮ ಕಾಲಕ್ಕೂ ತಪ್ಪದ ಈ ಪ್ರಶ್ನೆಗಳಿಗೆ ಅವನ ಬಾಳಿನಲ್ಲಿ ಒಂದು ಉತ್ತರ ದೊರೆಯುತ್ತದೆಂಬುದು ನಮ್ಮ ನಂಬಿಕೆ.

ಬಂಡೆಗಳು ಬೆಳಕಿಗೆ ಬಂದುದು

ಅಶೋಕನು ಬರೆಸಿದ ಬ್ರಾಹ್ಮೀ ಲಿಪಿಯನ್ನು ಜನ ಎಷ್ಟೋ ಶತಮಾನಗಳ ಕಾಲ ಮರೆತಿದ್ದರು. ಜೇಮ್ಸ್ ಪ್ರಿನ್ಸೆಪ್ ಎಂಬ ಆಂಗ್ಲ ವಿದ್ವಾಂಸನು 1837ರ ಸುಮಾರಿಗೆ ಅದನ್ನು ಮತ್ತೆ ಓದುವಂತೆ ಮಾಡಿದನು. ಆದರೆ ಓದಿದ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿದ್ದುವೇ ಹೊರತು ಅಶೋಕನೆಂಬ ಹೆಸರು ಇರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರನಾಗಿದ್ದ ಬೀಡನ್ ಎಂಬುವನು ಕುಷ್ಟಗಿಯ ಪೂರ್ವಕ್ಕಿರುವ ಮಸ್ಕಿಯಲ್ಲಿ ಒಂದು ಶಾಸನವನ್ನು ಕಂಡನು. ಅದರಲ್ಲಿ ಬಿರುದಿನ ಜೊತೆಗೆ ಅಶೋಕನ ಹೆಸರೂ ಸ್ಪಷ್ಟವಾಗಿತ್ತು. ಹೀಗೆ ದೇವಾನಾಂಪ್ರಿಯನು ಅಶೋಕನೇ ಎಂಬುದನ್ನು ಜಗತ್ತಿಗೆ ಖಚಿತಪಡಿಸಿದ ಕೀರ್ತಿ ನಮ್ಮ ಸೀಮೆಯ ಕಲ್ಲಿಗೆ ಸಂದಿತು.

ಕೊಪ್ಪಳದ ಎರಡು ಶಾಸನಗಳನ್ನು 1931ರಲ್ಲಿ ಬೆಳಕಿಗೆ ತಂದವರು ಕೊಪ್ಪಳದವರೇ ಆದ ಎನ್. ಬಿ. ಶಾಸ್ತ್ರಿಗಳು. ಮರುವರ್ಷ ಟರ್ನರ್ ಎಂಬ ಭಾಷಾವಿದ್ವಾಂಸನು ಅವುಗಳನ್ನು ಪರಿಷ್ಕರಿಸಲು ಹೈದರಾಬಾದ್ ಸಂಸ್ಥಾನದ ಪ್ರಾಕ್ತನ ಇಲಾಖೆಯು ಪ್ರಕಟಿಸಿತು. ಪಾಲ್ಕಿಗುಂಡಿನ ಶಾಸನ ಬಹಳ ಸವೆದಿದೆ. ಗವಿಮಠದ್ದು ಚೆನ್ನಾಗಿ ಉಳಿದಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳ, ಕಲಬುರಗಿ ಜಿಲ್ಲೆಯ ಸನ್ನತಿ, ಇಲ್ಲೆಲ್ಲ ಅವನ ಶಾಸನಗಳು ದೊರೆತಿವೆ. ಬ್ರಹ್ಮಗಿರಿಯ ಶಾಸನದಲ್ಲಿ ಸುವರ್ಣಗಿರಿಯೆಂಬ ಪಟ್ಟಣದ ಹೆಸರು ಬರುತ್ತದೆ. ಅಲ್ಲಿ ರಾಜಕುಮಾರನೊಬ್ಬನಿದ್ದು ದಕ್ಷಿಣದ ಆಡಳಿತವನ್ನು ನೋಡಿಕೊಳ್ಳುತ್ತಿದ್ದನು. ಆ ಸುವರ್ಣಗಿರಿಯೇ ಗಂಗಾವತಿಯ ಸಮೀಪದ ಕನಕಗಿರಿಯೆಂದು ಕೆಲವು ವಿದ್ವಾಂಸರೂ, ಆಂಧ್ರದ ಜೊನ್ನಗಿರಿಯೆಂದು ಇನ್ನು ಕೆಲವರೂ ಹೇಳುತ್ತಾರೆ. ಯಾವುದೇ ಆಗಲಿ, ತುಂಗಭದ್ರೆ ಕೃಷ್ಣೆಯರ ನಡುವಿನ ಈ ನಾಡು ಅವನ ಲಕ್ಷ್ಯಕ್ಕೆ ಹೊರತಾಗಿರಲಿಲ್ಲ. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಬೆಟ್ಟದಲ್ಲಿ ನೂರಾರು ಕಲ್ಲುಮನೆಯ ಗೋರಿಗಳನ್ನು ಕಟ್ಟಿದ ಜನಾಂಗದವರು ಈ ಸೀಮೆಯಲ್ಲಿ ಬಾಳುತ್ತಿದ್ದ ಕಾಲವದು. ಶಾಸನದ ಭಾಷೆ ಪ್ರಾಕೃತ. ಅಕ್ಷರವನ್ನರಿಯದ ಜನರಿಗೆ ಅಧಿಕಾರಿಗಳು ಅದನ್ನು ಓದಿ ಅರ್ಥವನ್ನು ಹೇಳುತ್ತಿದ್ದರೆಂದು ಭಾವಿಸಬೇಕು.

ಅರಸುತನ ಮತ್ತು ಕಳಿಂಗ

ಅಶೋಕನು ಚಂದ್ರಗುಪ್ತ ಮೌರ್ಯನ ಮೊಮ್ಮಗ, ಬಿಂದುಸಾರನ ಮಗ. ಜೈನ ಸಂಪ್ರದಾಯದಂತೆ ಆ ಚಂದ್ರಗುಪ್ತನು ರಾಜ್ಯವನ್ನು ತೊರೆದು ನಮ್ಮ ಶ್ರವಣಬೆಳಗೊಳಕ್ಕೆ ಬಂದು ವ್ರತದಿಂದ ದೇಹವನ್ನು ಬಿಟ್ಟನು. ಮೊಮ್ಮಗನು ಯುವಕನಾಗಿದ್ದಾಗ ಉಜ್ಜಯಿನಿಯಲ್ಲಿ ಅಧಿಕಾರಿಯಾಗಿದ್ದನೆಂದು ಸಿಂಹಳದ ಬೌದ್ಧ ಗ್ರಂಥಗಳು ಹೇಳುತ್ತವೆ. ತಂದೆಯ ಮರಣದ ನಂತರ ಸಿಂಹಾಸನಕ್ಕಾಗಿ ಅವನು ತೊಂಬತ್ತೊಂಬತ್ತು ಮಂದಿ ಸೋದರರನ್ನು ಕೊಂದನೆಂಬ ಕಥೆಯೂ ಅವುಗಳಲ್ಲಿದೆ. ಆದರೆ ಅವನ ಶಾಸನವೊಂದರಲ್ಲಿಯೇ ಸೋದರ ಸೋದರಿಯರ ಮನೆವಾರ್ತೆಯ ಪ್ರಸ್ತಾಪವಿರುವುದರಿಂದ ಈ ಕಥೆಯನ್ನು ಇದ್ದಂತೆಯೇ ನಂಬಲಾಗದು. ಕ್ರಿ. ಪೂ. 268ರ ಸುಮಾರಿಗೆ ಅವನ ಪಟ್ಟಾಭಿಷೇಕವಾಯಿತು.

ಪಟ್ಟವೇರಿದ ಎಂಟು ವರ್ಷಗಳಿಗೆ ಅವನು ಕಳಿಂಗದ ಮೇಲೆ ದಂಡೆತ್ತಿ ಹೋದನು. ಕಳಿಂಗವೆಂದರೆ ಇಂದಿನ ಒಡಿಶಾದ ಕರಾವಳಿ ಪ್ರದೇಶ. ಗೆಲುವು ಅವನದಾಯಿತು. ಆದರೆ ಆ ಗೆಲುವಿನ ಬೆಲೆಯನ್ನು ಲೆಕ್ಕ ಹಾಕಿ ಕಲ್ಲಿನ ಮೇಲೆ ಬರೆಸಿದವನೂ ಅವನೇ. 1,50,000 ಜನರನ್ನು ಸೆರೆಹಿಡಿದು ಬೇರೆಡೆಗೆ ಸಾಗಿಸಲಾಯಿತು. 1,00,000 ಜನರು ರಣದಲ್ಲಿ ಹತರಾದರು. ಅದರ ಎಷ್ಟೋ ಪಾಲು ಜನ ಅನಂತರ ಸತ್ತರು. ಜಯಿಸಿದ ಅರಸರು ತಾವು ಕೊಂದವರ ಸಂಖ್ಯೆಯನ್ನು ಹೆಮ್ಮೆಗಾಗಿ ಬರೆಸಿಕೊಂಡುದುಂಟು. ದುಃಖದಿಂದ ಬರೆಸಿದವರನ್ನು ಹುಡುಕಬೇಕು.

ಮುಂದೆ ಬಂದ ಕಥೆಗಾರರಿಗೆ ಈ ಬದಲಾವಣೆ ವಿಸ್ಮಯವನ್ನುಂಟುಮಾಡಿತು. ಅವರು ಅದನ್ನು ಒಂದು ಕ್ಷಣದ ಪವಾಡವಾಗಿ ಚಿತ್ರಿಸಿದರು. ಅವರ ಕಥೆಗಳಲ್ಲಿ ಹಿಂದಿನ ದಿನದವರೆಗೆ ಚಂಡಾಶೋಕನಾಗಿದ್ದವನು ಮರುದಿನ ಧರ್ಮಾಶೋಕನಾಗಿ ಏಳುತ್ತಾನೆ. ನಮ್ಮ ಶಾಲೆಯ ಪುಸ್ತಕಗಳಲ್ಲಿಯೂ ಅವನು ರಣರಂಗದಲ್ಲಿ ನಿಂತು ಕಣ್ಣೀರು ಸುರಿಸಿ ಖಡ್ಗವನ್ನು ಎಸೆಯುವ ಚಿತ್ರವಿರುವುದನ್ನು ನಾವು ಕಂಡಿದ್ದೇವೆ. ಆದರೆ ಕೊಪ್ಪಳದ ಬಂಡೆ ಬೇರೆಯದೇ ಸಂಗತಿಯನ್ನು ಹೇಳುತ್ತದೆ.

ಕೊಪ್ಪಳದ ಮಾತು

ಗವಿಮಠದ ಶಾಸನದಲ್ಲಿ ಕಳಿಂಗದ ಹೆಸರಿಲ್ಲ. ಯುದ್ಧದ ಮಾತಿಲ್ಲ. ಅದರ ತಾತ್ಪರ್ಯ ಇಷ್ಟು. ತಾನು ಉಪಾಸಕನಾಗಿ ಎರಡೂವರೆ ವರ್ಷಗಳ ಮೇಲಾಯಿತೆಂದೂ, ಆದರೆ ಮೊದಲಲ್ಲಿ ತನ್ನ ಪ್ರಯತ್ನ ಸಾಲದಾಗಿತ್ತೆಂದೂ, ಸಂಘವನ್ನು ಸಮೀಪಿಸಿ ಒಂದು ವರ್ಷಕ್ಕೂ ಮಿಕ್ಕಿ ಆಗಿರುವ ಈಚೆಗೆ ಮಾತ್ರ ತಾನು ಚೆನ್ನಾಗಿ ಪ್ರಯತ್ನಿಸುತ್ತಿರುವೆನೆಂದೂ ಅರಸನು ತಿಳಿಸುತ್ತಾನೆ. ಅದರ ಫಲವಾಗಿ ಜಂಬೂದ್ವೀಪದಲ್ಲಿ ದೇವತೆಗಳೊಡನೆ ಬೆರೆಯದಿದ್ದ ಜನ ಈಗ ಬೆರೆತಿದ್ದಾರೆಂದು ಹೇಳುತ್ತಾನೆ. ಈ ಫಲ ದೊಡ್ಡವರಿಗೆ ಮಾತ್ರ ಸಾಧ್ಯವಾದುದಲ್ಲ, ಪ್ರಯತ್ನಿಸುವ ಸಣ್ಣವನೂ ವಿಪುಲವಾದ ಸ್ವರ್ಗವನ್ನು ಪಡೆಯಬಲ್ಲನು, ಸಣ್ಣವರೂ ದೊಡ್ಡವರೂ ಗಡಿಯಾಚೆಯವರೂ ಇದನ್ನು ತಿಳಿದು ಪ್ರಯತ್ನಶೀಲರಾಗಲಿ ಎಂಬುದು ಅವನ ಆಶಯ.

ವಾಚಕರು ಇಲ್ಲಿ ತುಸು ನಿಲ್ಲಬೇಕೆಂದು ನಾವು ಬೇಡುತ್ತೇವೆ. ಹಿಂದೂಕುಷ ಪರ್ವತದಿಂದ ನಮ್ಮ ತುಂಗಭದ್ರೆಯ ಆಚೆಯವರೆಗೆ ಆಳುತ್ತಿದ್ದ ಚಕ್ರವರ್ತಿಯು ತಾನು ಒಂದು ಕಾಲದಲ್ಲಿ ಹೆಸರಿಗೆ ಮಾತ್ರ ಉಪಾಸಕನಾಗಿದ್ದೆನೆಂದು ತನ್ನ ಪ್ರಜೆಗಳಿಗೆ ಸಾರುತ್ತಿದ್ದಾನೆ. ಅವನನ್ನು ಹೀಗೆ ಹೇಳೆಂದು ಒತ್ತಾಯಿಸುವವರು ಯಾರೂ ಇರಲಿಲ್ಲ. ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಳಿಂಗದಂಥ ದುರಂತವನ್ನು ಕಂಡ ಮೇಲೂ ತನ್ನ ಹೃದಯ ಕೂಡಲೇ ತಿರುಗಲಿಲ್ಲವೆಂಬುದು ಅರಸನಿಗೆ ಅವಮಾನದ ಸಂಗತಿ. ಆದರೂ ಅದನ್ನು ಅವನು ಇದ್ದಂತೆಯೇ ಇಟ್ಟನು.

ಅಶೋಕನ ಶಾಸನಗಳಲ್ಲಿ ಇಂಥ ಕಿರುಬಂಡೆಯ ಶಾಸನಗಳೇ ಎಲ್ಲಕ್ಕಿಂತ ಮೊದಲಿನವೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ಕಳಿಂಗದ ಲೆಕ್ಕವಿರುವ ಹದಿಮೂರನೆಯ ಬಂಡೆಯ ಶಾಸನ ಅನಂತರದ್ದು. ಈ ಕ್ರಮದಲ್ಲಿ ನಮಗೆ ಒಂದು ದೊಡ್ಡ ಪಾಠ ಕಾಣುತ್ತದೆ. ಅವನು ಮೊದಲು ಚಿಕ್ಕ ಕೊರತೆಯನ್ನು ಬಾಯಿಬಿಟ್ಟು ಹೇಳಿದನು. ಅದನ್ನು ಹೇಳಲು ಕಲಿತ ಮೇಲೆ ದೊಡ್ಡ ಅಪರಾಧವನ್ನು ಹೇಳುವ ಬಲ ಅವನಿಗೆ ಬಂದಿತು. ಮನಸ್ಸಿನ ಗಾಯ ಹೀಗೆಯೇ ಮಾಯುತ್ತದೆ. ಹುಣ್ಣನ್ನು ಒಮ್ಮೆಗೇ ಕೊರೆಯಲು ಹೋದವನು ನೋವಿಗೆ ಅಂಜಿ ಅರ್ಧದಲ್ಲಿಯೇ ಬಿಡುತ್ತಾನೆ.

ಕನ್ನಡದಲ್ಲಿ ಒಪ್ಪಿಕೊಳ್ಳುವುದೆಂಬ ಒಂದೇ ಪದಕ್ಕೆ ಎರಡು ಅರ್ಥಗಳಿವೆ. ತಪ್ಪನ್ನು ಒಪ್ಪಿಕೊಳ್ಳುತ್ತೇವೆ, ಮನೆಗೆ ಬಂದ ಸೊಸೆಯನ್ನೂ ಒಪ್ಪಿಕೊಳ್ಳುತ್ತೇವೆ. ಮೊದಲನೆಯದು ಸತ್ಯವನ್ನು ನುಡಿಯುವುದು, ಎರಡನೆಯದು ತನ್ನದೆಂದು ಬರಮಾಡಿಕೊಳ್ಳುವುದು. ನಮ್ಮ ಹಿರಿಯರು ಈ ಎರಡನ್ನೂ ಒಂದೇ ಮಾತಿನಲ್ಲಿ ಸೇರಿಸಿರುವುದು ಅರ್ಥಗರ್ಭಿತವಾಗಿದೆ. ತಪ್ಪನ್ನು ಒಪ್ಪಿಕೊಳ್ಳದವನು ತನ್ನನ್ನು ಒಪ್ಪಿಕೊಳ್ಳಲಾರನು. ತನ್ನನ್ನು ಒಪ್ಪಿಕೊಳ್ಳಲಾರದವನು ತಪ್ಪನ್ನು ಒಪ್ಪಿಕೊಳ್ಳಲು ಸದಾ ಹೆದರುತ್ತಾನೆ.

ದೊಡ್ಡ ತಪ್ಪೊಪ್ಪಿಗೆ

ಹದಿಮೂರನೆಯ ಶಾಸನದ ಪಾಠಗಳು ದೂರದ ಗಾಂಧಾರದಲ್ಲಿಯೂ ಗಿರಿನಾರಿನಲ್ಲಿಯೂ ದೊರೆತಿವೆ. ನಮಗೆ ಸಮೀಪದಲ್ಲಿ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಇದೆ. ಅದರಲ್ಲಿ ಅರಸನು ಕಳಿಂಗವನ್ನು ಗೆದ್ದುದಕ್ಕಾಗಿ ತನಗಾದ ಪಶ್ಚಾತ್ತಾಪವನ್ನು ತಿಳಿಸುತ್ತಾನೆ. ಸತ್ತವರನ್ನು ಮಾತ್ರ ಎಣಿಸಿ ಅವನು ಸುಮ್ಮನಾಗುವುದಿಲ್ಲ. ತಂದೆತಾಯಿಯರಿಗೆ ವಿಧೇಯರಾಗಿ, ಗೆಳೆಯರನ್ನೂ ಬಂಧುಗಳನ್ನೂ ಆಳುಗಳನ್ನೂ ಪ್ರೀತಿಯಿಂದ ಕಂಡು ಬಾಳುತ್ತಿದ್ದ ಸಾಮಾನ್ಯ ಗೃಹಸ್ಥರಿಗೆ ಯುದ್ಧದಿಂದ ಒದಗಿದ ಗಾಯ, ಸಾವು, ಅಗಲಿಕೆಗಳನ್ನು ನೆನೆಯುತ್ತಾನೆ. ತಾವೇ ಪಾರಾಗಿ ಉಳಿದರೂ ಪ್ರಿಯರಾದವರ ಸಂಕಟವನ್ನು ನೋಡಬೇಕಾದವರಿಗೆ ಅದೂ ಒಂದು ಹಿಂಸೆಯೇ ಎನ್ನುತ್ತಾನೆ. ಅಂದು ಸತ್ತ, ನೊಂದ ಜನರಲ್ಲಿ ನೂರನೆಯ ಪಾಲು, ಸಾವಿರದ ಪಾಲು ಜನರಿಗೆ ಈಗ ಅಂಥ ದುಃಖ ಬಂದರೂ ಅದು ತನಗೆ ಭಾರವೆಂದು ತಿಳಿಸುತ್ತಾನೆ. ತನಗೆ ಅಪಕಾರ ಮಾಡಿದವನನ್ನು ಕ್ಷಮಿಸಬಹುದಾದ ಮಟ್ಟಿಗೆ ಕ್ಷಮಿಸಬೇಕೆಂದೂ, ಧರ್ಮದಿಂದ ಪಡೆದ ವಿಜಯವೇ ಮೇಲಾದ ವಿಜಯವೆಂದೂ ಸಾರುತ್ತಾನೆ.

ಇದೇ ಶಾಸನದಲ್ಲಿ ಐವರು ಯವನ ಅರಸರ ಹೆಸರುಗಳು ಬರುತ್ತವೆ. ಅವರಲ್ಲೊಬ್ಬನು ಐಗುಪ್ತದ ಟಾಲೆಮಿ. ಅವನು ಎರಡನೆಯ ಟಾಲೆಮಿಯೆಂದು ವಿದ್ವಾಂಸರ ಅಭಿಪ್ರಾಯ. ಮೋಶೆಯ ಧರ್ಮಶಾಸ್ತ್ರವನ್ನು ಹೀಬ್ರೂ ಭಾಷೆಯಿಂದ ಗ್ರೀಕಿಗೆ ಎಪ್ಪತ್ತು ಮಂದಿ ಪಂಡಿತರು ಅಲೆಕ್ಸಾಂಡ್ರಿಯದಲ್ಲಿ ಅನುವಾದಿಸಿದುದು ಇದೇ ಟಾಲೆಮಿಯ ಕಾಲದಲ್ಲಿಯೇ ಎಂದು ಪರಂಪರೆ ಹೇಳುತ್ತದೆ. ಪಾಪವನ್ನು ಅರಿಕೆಮಾಡಿಕೊಂಡ ದಾವೀದನ ಕೀರ್ತನೆಗಳೂ ಕಾಲಕ್ರಮದಲ್ಲಿ ಆ ಗ್ರೀಕ್ ಗ್ರಂಥದೊಳಗೆ ಸೇರಿದುವು. ಒಂದು ಕಡೆ ಒಬ್ಬ ಅರಸನ ಪಶ್ಚಾತ್ತಾಪದ ಹಾಡು ಅನ್ಯಜನಾಂಗಗಳ ಭಾಷೆಗೆ ಇಳಿಯುವ ದಾರಿ ತೆರೆಯುತ್ತಿದ್ದ ಕಾಲದಲ್ಲಿ, ಇನ್ನೊಂದು ಕಡೆ ಇನ್ನೊಬ್ಬ ಅರಸನ ಪಶ್ಚಾತ್ತಾಪವು ಕಲ್ಲಿಗೆ ಏರುತ್ತಿತ್ತು. ದೇವರ ದಯೆಯ ಕೆಲಸಕ್ಕೆ ಗಡಿಗಳಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ಕಳಿಂಗದ ನೆಲದಲ್ಲಿರುವ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಈ ಹದಿಮೂರನೆಯ ಶಾಸನವನ್ನು ಬರೆಸಿಲ್ಲ. ಅದರ ಸ್ಥಾನದಲ್ಲಿ ಬೇರೆ ಎರಡು ಶಾಸನಗಳಿವೆ. ಎಲ್ಲ ಮನುಷ್ಯರೂ ತನ್ನ ಮಕ್ಕಳೆಂದೂ, ಮಕ್ಕಳಿಗೆ ಬಯಸುವ ಇಹಪರಗಳ ಹಿತವನ್ನೇ ಎಲ್ಲರಿಗೂ ಬಯಸುವೆನೆಂದೂ ಅಲ್ಲಿ ಅರಸನು ಅಧಿಕಾರಿಗಳಿಗೆ ತಿಳಿಸುತ್ತಾನೆ. ಯಾರನ್ನೂ ಕಾರಣವಿಲ್ಲದೆ ಸೆರೆಗೆ ಹಾಕಬಾರದು, ಅಸೂಯೆ, ಕೋಪ, ಕ್ರೌರ್ಯ, ಆತುರ, ಸೋಮಾರಿತನಗಳಿಂದ ನ್ಯಾಯ ಕೆಡಬಾರದು ಎಂದು ಎಚ್ಚರಿಸುತ್ತಾನೆ. ಇದು ಆಡಳಿತದ ಜಾಣತನವೆನ್ನುವವರಿದ್ದಾರೆ. ನಾಚಿಕೆಯೆನ್ನುವವರೂ ಇದ್ದಾರೆ. ನೊಂದವನ ಎದುರು ನಿಂತು ಅವನ ನೋವಿನ ಲೆಕ್ಕವನ್ನು ಓದುವುದಕ್ಕಿಂತ ಅವನ ಮನೆಯ ಬಾಗಿಲಿಗೆ ನ್ಯಾಯವನ್ನು ತಲುಪಿಸುವುದು ಮೇಲೆಂಬುದು ನಮಗೆ ಅದರಲ್ಲಿ ಕಾಣುವ ವಿವೇಕ.

ಪ್ರಾಯಶ್ಚಿತ್ತದ ಬಾಳು

ಪಶ್ಚಾತ್ತಾಪವು ಕೈಗಳಿಗೆ ಇಳಿಯದಿದ್ದರೆ ಮನಸ್ಸನ್ನು ತಿನ್ನುತ್ತದೆ. ಅಶೋಕನು ತನ್ನನ್ನು ಹಳಿದುಕೊಳ್ಳುತ್ತ ಕುಳಿತುಕೊಳ್ಳಲಿಲ್ಲ. ಅರಸರು ಬೇಟೆಗೆ ಹೋಗುತ್ತಿದ್ದ ವಿಹಾರಯಾತ್ರೆಗಳನ್ನು ಬಿಟ್ಟು ಧರ್ಮಯಾತ್ರೆಗಳನ್ನು ಕೈಗೊಂಡನು. ಪಟ್ಟವೇರಿದ ಹತ್ತು ವರ್ಷಗಳಿಗೆ ಬುದ್ಧನು ಜ್ಞಾನವನ್ನು ಪಡೆದ ಬೋಧಗಯೆಗೆ ಹೋದನು. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದನು. ಔಷಧಿಯ ಗಿಡಮೂಲಿಕೆಗಳು ಇಲ್ಲದೆಡೆಗೆ ತರಿಸಿ ನೆಡಿಸಿದನು. ದಾರಿಯುದ್ದಕ್ಕೂ ಆಲದ ಮರಗಳನ್ನೂ ಮಾವಿನ ತೋಪುಗಳನ್ನೂ ಬೆಳೆಸಿ, ಬಾವಿಗಳನ್ನು ತೋಡಿಸಿದನು. ಈ ಚಿಕಿತ್ಸೆಯ ಕಾರ್ಯ ತನ್ನ ರಾಜ್ಯಕ್ಕೆ ಮಾತ್ರ ಸೀಮಿತವಾಗದೆ ಚೋಳ, ಪಾಂಡ್ಯ, ಸತ್ಯಪುತ್ರ, ಕೇರಳಪುತ್ರರ ನಾಡುಗಳಿಗೂ ತಾಮ್ರಪರ್ಣಿಗೂ ಹಬ್ಬಿತೆಂದು ಬರೆಸಿದ್ದಾನೆ. ಕುಷ್ಟಗಿ ಯಲಬುರ್ಗಾಗಳ ಬಿಸಿಲಿನಲ್ಲಿ ನಡೆದು ಬಲ್ಲವರಿಗೆ ದಾರಿಯ ನೆರಳೂ ಒಂದು ಬಾವಿಯ ನೀರೂ ಏನೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

ಊಟದ ಹೊತ್ತಾಗಲಿ, ಅಂತಃಪುರದಲ್ಲಾಗಲಿ, ಉದ್ಯಾನದಲ್ಲಾಗಲಿ, ಪ್ರಜೆಗಳ ಕಾರ್ಯವನ್ನು ತನಗೆ ಯಾವ ಸಮಯದಲ್ಲಿಯೂ ಅರಿಕೆ ಮಾಡಬಹುದೆಂದು ಅಪ್ಪಣೆ ಕೊಟ್ಟನು. ತಾನು ಮಾಡುವ ಶ್ರಮವೆಲ್ಲ ಜೀವಿಗಳಿಗೆ ತಾನು ಸಲ್ಲಿಸಬೇಕಾದ ಋಣವೆಂಬುದು ಅವನ ಭಾವನೆ. ಸಾಲಗಾರನ ಈ ವಿನಯವೇ ಅವನ ಗುಣಕ್ಕೆ ಮೂಲವೆಂದು ನಮಗೆ ತೋರುತ್ತದೆ. ಬೇರೆ ಬೇರೆ ಪಂಥಗಳವರು ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿ ತಿಳಿಯಬೇಕೆಂದೂ, ತನ್ನ ಪಂಥವನ್ನು ಹೊಗಳಲು ಪರರ ಪಂಥವನ್ನು ತೆಗಳುವವನು ತನ್ನ ಪಂಥಕ್ಕೇ ಹೆಚ್ಚಿನ ಹಾನಿಯನ್ನುಂಟುಮಾಡುತ್ತಾನೆಂದೂ ಹನ್ನೆರಡನೆಯ ಶಾಸನದಲ್ಲಿ ಹೇಳಿದನು. ಆ ಶಾಸನದ ಭಾಗವು ನಮ್ಮ ಸನ್ನತಿಯಲ್ಲಿಯೂ ದೊರೆತಿದೆ.

ಉಳಿದ ಕೊರತೆಗಳು

ಅಶೋಕನನ್ನು ದೋಷರಹಿತನೆಂದು ಚಿತ್ರಿಸುವುದು ಅವನಿಗೆ ಮಾಡುವ ಅನ್ಯಾಯ. ಗೆದ್ದ ಕಳಿಂಗವನ್ನು ಅವನು ಹಿಂದಕ್ಕೆ ಕೊಡಲಿಲ್ಲ. ಪಶ್ಚಾತ್ತಾಪದ ಅದೇ ಶಾಸನದಲ್ಲಿ ಕಾಡಿನ ಜನರಿಗೆ, ತಾನು ಮರುಗುವವನಾದರೂ ದಂಡಿಸುವ ಶಕ್ತಿಯುಳ್ಳವನೆಂದು ಎಚ್ಚರಿಕೆ ಕೊಟ್ಟಿದ್ದಾನೆ. ಮರಣದಂಡನೆಯನ್ನು ಅವನು ತೆಗೆದುಹಾಕಲಿಲ್ಲ. ದಂಡನೆಗೆ ಗುರಿಯಾದವರಿಗೆ ಮೂರು ದಿನಗಳ ಅವಧಿ ಕೊಟ್ಟು, ಬಂಧುಗಳು ಜೀವಭಿಕ್ಷೆಯನ್ನು ಬೇಡಲೂ, ಅವರು ತಾವೇ ಪರಲೋಕಕ್ಕಾಗಿ ದಾನ ಉಪವಾಸಗಳನ್ನು ಮಾಡಲೂ ಅನುವು ಮಾಡಿದನು. ಮೊದಲನೆಯ ಬಂಡೆಯ ಶಾಸನದಲ್ಲಿ ಒಂದು ಮನೆಮಾತಿನಂಥ ವಿವರವಿದೆ. ಹಿಂದೆ ಅರಮನೆಯ ಅಡುಗೆಗಾಗಿ ದಿನವೂ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರು. ಈಗ ಮೂರನ್ನು ಮಾತ್ರ ಕೊಲ್ಲುತ್ತಾರೆ. ಎರಡು ನವಿಲು, ಒಂದು ಜಿಂಕೆ, ಅದರಲ್ಲಿ ಜಿಂಕೆಯೂ ನಿತ್ಯವಲ್ಲ. ಮುಂದೆ ಇವನ್ನೂ ಕೊಲ್ಲುವುದಿಲ್ಲ. ಎಲ್ಲವನ್ನೂ ಬಿಟ್ಟೆನೆಂದು ಬರೆಸಿದ್ದರೆ ಬೇಡವೆನ್ನುವವರು ಇರಲಿಲ್ಲ. ಇನ್ನೂ ಬಿಟ್ಟಿಲ್ಲವೆಂಬುದನ್ನು ಅವನು ಕಲ್ಲಿನಲ್ಲಿ ಕೊರೆಯಿಸಿದನು.

ಆಳ್ವಿಕೆಯ ಇಪ್ಪತ್ತಾರು ವರ್ಷಗಳು ಕಳೆದ ಮೇಲೆ ಬರೆಸಿದ ಮೂರನೆಯ ಸ್ತಂಭಶಾಸನದಲ್ಲಿ ಅವನು ಈ ವಿಷಯವನ್ನೇ ವಿಚಾರಿಸುತ್ತಾನೆ. ಮನುಷ್ಯನು ತಾನು ಮಾಡಿದ ಒಳ್ಳೆಯದನ್ನು ಮಾತ್ರ ನೋಡುತ್ತಾನೆ, ಕೆಟ್ಟದ್ದನ್ನು ನೋಡುವುದಿಲ್ಲ. ಹಾಗೆ ನೋಡುವುದು ಕಷ್ಟವೂ ಹೌದು. ಆದರೂ ಕ್ರೌರ್ಯ, ನಿಷ್ಠುರತೆ, ಕೋಪ, ಅಹಂಕಾರ, ಅಸೂಯೆಗಳು ತನ್ನನ್ನು ಕೆಡಿಸದಂತೆ ಅವನು ಕಾಣುತ್ತಿರಬೇಕು. ಪಾಪನಿವೇದನೆಗೆ ಮುನ್ನ ನಾವು ಮಾಡುವ ಆತ್ಮಶೋಧನೆಯನ್ನು ಬಲ್ಲವರಿಗೆ ಈ ವಿಚಾರ ಎಷ್ಟು ಪರಿಚಿತ!

ಕ್ರಿ. ಪೂ. 232ರ ಸುಮಾರಿಗೆ ಅವನು ತೀರಿಕೊಂಡನು. ಕೊನೆಯ ದಿನಗಳಲ್ಲಿ ಮಂತ್ರಿಗಳು ಅವನ ಅಧಿಕಾರವನ್ನು ಕಸಿದುಕೊಂಡರೆಂದೂ, ಸಂಘಕ್ಕೆ ದಾನ ಕೊಡಲು ಅವನ ಕೈಯಲ್ಲಿ ಅರ್ಧ ನೆಲ್ಲಿಕಾಯಿ ಮಾತ್ರ ಉಳಿದಿತ್ತೆಂದೂ, ಅದನ್ನೇ ಕಳುಹಿಸಿದನೆಂದೂ ಬೌದ್ಧರ ಕಥೆಯೊಂದು ಹೇಳುತ್ತದೆ. ಅರ್ಧ ಶತಮಾನದೊಳಗೆ ಮೌರ್ಯರ ರಾಜ್ಯವೂ ಅಳಿಯಿತು. ಬಂಡೆಗಳು ಉಳಿದುವು.

ನಮ್ಮ ಬಾಳಿಗೆ

ಪವಿತ್ರ ಗ್ರಂಥದಲ್ಲಿಯೂ ನಾವು ಇದೇ ಮಾರ್ಗವನ್ನು ಕಾಣುತ್ತೇವೆ. ದಾವೀದ ಅರಸನು ಊರೀಯನನ್ನು ಕಾದಾಟದ ಮುಂಚೂಣಿಗೆ ಕಳುಹಿಸಿ ಕೊಲ್ಲಿಸಿದನು. ನಾತಾನ ಪ್ರವಾದಿಯು ಬಂದು ತಿಳಿಸುವವರೆಗೆ ತನ್ನ ಪಾಪ ಅವನ ಕಣ್ಣಿಗೆ ಬೀಳಲಿಲ್ಲ. ಪೇತ್ರನು ಪ್ರಭುವನ್ನು ಅರಿಯೆನೆಂದು ಮೂರು ಸಲ ಹೇಳಿದನು. ಯೂದನೂ ಪ್ರಭುವನ್ನು ಹಿಡಿದುಕೊಟ್ಟನು. ಇಬ್ಬರಿಗೂ ಪಶ್ಚಾತ್ತಾಪವಾಯಿತು. ಯೂದನು ಮೂವತ್ತು ಬೆಳ್ಳಿನಾಣ್ಯಗಳನ್ನು ಹಿಂದಕ್ಕೆ ಎಸೆದನು, ಆದರೆ ತನ್ನನ್ನು ತಾನು ಸಹಿಸಲಾರದೆ ಹೋದನು. ಪೇತ್ರನು ಅತ್ತನು, ಅನಂತರ ಶಿಷ್ಯರ ನಡುವೆಯೇ ಉಳಿದನು, ಸರೋವರದ ದಡದಲ್ಲಿ ಪ್ರಭುವು ಮೂರು ಸಲ ಕೇಳಿದ ಪ್ರೀತಿಯ ಪ್ರಶ್ನೆಗೆ ಉತ್ತರ ಕೊಟ್ಟನು. ಪಶ್ಚಾತ್ತಾಪವೊಂದೇ ಮನುಷ್ಯನನ್ನು ಉಳಿಸುವುದಿಲ್ಲ. ತಾನು ಬಿದ್ದವನೆಂದು ತಿಳಿದೂ ಇನ್ನೂ ಪ್ರೀತಿಸಲ್ಪಡುತ್ತಿರುವೆನೆಂದು ಒಪ್ಪಿಕೊಂಡವನು ಉಳಿಯುತ್ತಾನೆ.

ಅಶೋಕನಿಗೂ ನಮಗೂ ಇರುವ ವ್ಯತ್ಯಾಸವನ್ನು ಮರೆಮಾಚಬೇಕಾಗಿಲ್ಲ. ಅವನು ತನ್ನ ಭಾರವನ್ನು ತಾನೇ ಹೊತ್ತು, ಪ್ರಯತ್ನದಿಂದಲೇ ಅದನ್ನು ಹಗುರಮಾಡಿಕೊಳ್ಳಲು ದುಡಿದನು. ನಮಗಾದರೋ ಭಾರವನ್ನು ಇಳಿಸಿಕೊಳ್ಳುವ ತಂದೆಯೊಬ್ಬನಿದ್ದಾನೆ. ಅಂಥ ಕ್ಷಮೆಯ ಭರವಸೆಯಿಲ್ಲದವನು ಅಷ್ಟನ್ನು ಒಪ್ಪಿಕೊಂಡನೆಂದರೆ, ಭರವಸೆಯುಳ್ಳ ನಾವು ಎಷ್ಟನ್ನು ಮುಚ್ಚಿಡುತ್ತೇವೆಂಬುದನ್ನು ನೆನೆದು ನಾಚಬೇಕು.

ನಮ್ಮ ಸೀಮೆ ಹಿಂಸೆಯನ್ನು ಕಾಣದ ಸೀಮೆಯಲ್ಲ. ರಾಯಚೂರು ದೋಆಬಿಗಾಗಿ ವಿಜಯನಗರ ಬಹಮನಿಗಳ ಸೈನ್ಯಗಳು ಇಲ್ಲಿ ಪದೇ ಪದೇ ಹಾದುಹೋದುವು. 1858ರಲ್ಲಿ ಮುಂಡರಗಿ ಭೀಮರಾಯನ ದಂಗೆ ಕೊಪ್ಪಳದ ಕೋಟೆಯಲ್ಲಿ ರಕ್ತದಲ್ಲಿ ಮುಗಿಯಿತು. 1947 ಮತ್ತು 48ರಲ್ಲಿ ರಜಾಕಾರರ ಹಾವಳಿಗೆ ಅಂಜಿ ಮನೆಮಾರು ತೊರೆದು ಗಡಿಯಾಚೆಗೆ ಓಡಿದ ಕುಟುಂಬಗಳ ನೆನಪು ಇನ್ನೂ ಹಳ್ಳಿಗಳಲ್ಲಿದೆ. ತೀರ ಈಚೆಗೆ, 2014ರಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯವು ಆ ಪ್ರಕರಣದಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆಯ ತೀರ್ಪಿತ್ತಿತು. ತೀರ್ಪು ಕೊಡುವುದು, ಅದನ್ನು ಮತ್ತೆ ಪರಿಶೀಲಿಸುವುದು ನ್ಯಾಯಾಲಯಗಳ ಕೆಲಸ. ಒಂದೇ ಕೇರಿಯಲ್ಲಿ, ಒಂದೇ ಚಹದಂಗಡಿಯಲ್ಲಿ ಮತ್ತೆ ಮುಖ ನೋಡಿಕೊಂಡು ಬಾಳುವ ಕೆಲಸ ಜನರದು. ಅದಕ್ಕೆ ಕಾನೂನು ಸಾಲದು.

ಕಾಣದ ಹಿಂಸೆಯೂ ಇದೆ. ಕುಡಿದು ಬಂದು ಹೆಂಡತಿಯ ಮೇಲೆ ಕೈಮಾಡಿ ಬೆಳಗ್ಗೆ ಏನೂ ನಡೆಯದಂತೆ ಎದ್ದುಹೋಗುವ ಗಂಡಸು, ಹೊಲದ ಬದುವಿಗಾಗಿ ಅಣ್ಣನೊಡನೆ ಇಪ್ಪತ್ತು ವರ್ಷ ಮಾತುಬಿಟ್ಟ ತಮ್ಮ, ಇವರೆಲ್ಲರಿಗೂ ತಮ್ಮ ತಮ್ಮ ಕಳಿಂಗವುಂಟು. ಅದನ್ನು ನೋಡಲು ಕಣ್ಣುತೆರೆಯುವುದೇ ಮೊದಲ ಔಷಧಿ. ಪೆಟ್ಟು ತಿಂದವರಿಗೆ ನಾವು ಹೇಳಬೇಕಾದ ಮಾತು ಬೇರೆ. ಅವರು ಒಪ್ಪಿಕೊಳ್ಳಬೇಕಾದ ತಪ್ಪೇನೂ ಇಲ್ಲ. ಆದರೂ ಎಷ್ಟೋ ಹೆಣ್ಣುಮಕ್ಕಳು, ಎಷ್ಟೋ ಬಡವರು ತಮಗಾದ ಅವಮಾನಕ್ಕೆ ತಾವೇ ಕಾರಣರೆಂದು ತಲೆ ತಗ್ಗಿಸುತ್ತಾರೆ. ಕೊಪ್ಪಳದ ಬಂಡೆ ಅವರಿಗಾಗಿಯೂ ಇದೆ. ಸಣ್ಣವನೂ ಸ್ವರ್ಗವನ್ನು ಪಡೆಯಬಲ್ಲನೆಂದು ಆ ಅರಸನು ಅಲ್ಲಿ ಬರೆಸಿದ್ದಾನೆ. ಸಣ್ಣವರನ್ನೇ ತನ್ನವರೆಂದು ಕರೆದ ಪ್ರಭುವಿನ ಜನರಾದ ನಾವು ಅದನ್ನು ಅವರಿಗೆ ಓದಿ ಹೇಳದೆ ಇರಬಹುದೆ? ಅವರು ತಮ್ಮನ್ನು ತಾವು ಬೆಲೆಯುಳ್ಳವರೆಂದು ಒಪ್ಪಿಕೊಳ್ಳುವವರೆಗೆ ಅವರ ಜೊತೆಯಲ್ಲಿ ನಿಲ್ಲುವುದು ನಮ್ಮ ಧರ್ಮಕೇಂದ್ರಗಳ ಕರ್ತವ್ಯ.

ನೂರು ವರ್ಷಗಳೆಂದರೆ ದೇವಾಲಯಕ್ಕೆ ದೀರ್ಘಕಾಲ, ಬಂಡೆಗೆ ಅಲ್ಪಕಾಲ. ಶತಮಾನೋತ್ಸವದ ಸಂದರ್ಭದಲ್ಲಿ ನಾವು ಕಟ್ಟಿದ ಗೋಡೆಗಳನ್ನೂ ನಡೆಸಿದ ಶಾಲೆಗಳನ್ನೂ ಎಣಿಸುವುದು ಸರಿಯೇ. ಜೊತೆಗೆ, ಮೊದಲ ವರ್ಷ ತನ್ನ ಪ್ರಯತ್ನ ಸಾಲದಾಯಿತೆಂದು ಹೇಳಿಕೊಂಡ ಅರಸನಂತೆ, ನಾವು ಮಾಡದೆ ಬಿಟ್ಟ ಕೆಲಸಗಳನ್ನೂ ಪ್ರಾಮಾಣಿಕವಾಗಿ ಹೇಳಿಕೊಳ್ಳೋಣ. ಬರುವ ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಮೊಣಕಾಲೂರುವ ಮುನ್ನ ಪ್ರತಿಯೊಬ್ಬರೂ ಒಂದು ಚಿಕ್ಕ ಸತ್ಯವನ್ನು ಆರಿಸಿಕೊಂಡು ಅದನ್ನು ಮೊದಲು ನುಡಿಯಲಿ. ದೊಡ್ಡದನ್ನು ನುಡಿಯುವ ಬಲವನ್ನು ಕರುಣಾಮಯನಾದ ದೇವರು ತಾನೇ ಕೊಡುವನು.